ಬೀಜಕ್ಕೆ ಬಿಟ್ಟ ಸೌತೆಕಾಯಿ

ನಮ್ಮ ಮನೆಯಲ್ಲಿ ಒಳ್ಳೆಯ ಸೌತೆಕಾಯಿಯನ್ನು ಯಾರೂ ತಿಂದವರಲ್ಲ. ಹೀಗೆಂದರೆ ಜನ ನಗುತ್ತಾರೆ. ಸುತ್ತಮುತ್ತಲ ಊರಿಗೆಲ್ಲ ಸೌತೆ ಬೀಜ ಮಾರುವ ಮನೆ, ಆ ಮನೆಯ ಮಕ್ಕಳು ನೆಟ್ಟಗಿನ ಒಂದು ಸೌತೆಕಾಯಿ ಕಂಡಿಲ್ಲವೇ ಎಂದು. ಕಂಡಿದ್ದೇವೆ ಸ್ವಾಮಿ, ಕಣ್ಣು ತುಂಬ ಕಂಡಿದ್ದೇವೆ. ಬಾಯಿಗೆ ಹಾಕಿಲ್ಲ, ಅಷ್ಟೇ.

ಬಳ್ಳಿ ಕಾಯಿ ಬಿಡಲು ಶುರುಮಾಡಿದರೆ ಅಪ್ಪ ಬೆಳಕು ಹರಿಯುವ ಹೊತ್ತಿಗೆ ಹೊಲಕ್ಕೆ ಇಳಿಯುತ್ತಿದ್ದರು. ಜೇಬಿನಲ್ಲಿ ಕೆಂಪು ದಾರದ ಉಂಡೆ. ಹಿಂದೆ ಕತ್ತರಿ ಹಿಡಿದು ನಾನು. ಸಾಲಿನಲ್ಲಿ ಯಾವ ಬಳ್ಳಿಯ ಮಿಡಿ ನೆಟ್ಟಗಿದೆ, ಯಾವುದರ ಮೈ ನುಣುಪಾಗಿದೆ, ಯಾವುದರ ಬಣ್ಣ ತೊಟ್ಟಿನಿಂದ ತುದಿಯವರೆಗೆ ಒಂದೇ ಸಮ ಇದೆ ಎಂದು ಬಗ್ಗಿ ಬಗ್ಗಿ ನೋಡಿ, ಮನಸ್ಸಿಗೆ ಬಂದ ಕಾಯಿಯ ತೊಟ್ಟಿಗೆ ದಾರ ಕಟ್ಟುತ್ತಿದ್ದರು. ಅಲ್ಲಿಂದಾಚೆಗೆ ಅದು ಬೀಜದ ಬಳ್ಳಿ. ಅದರ ಬೇರೆ ಮಿಡಿಗಳನ್ನೆಲ್ಲ ಚಿವುಟಿ ಹಾಕಬೇಕು, ಶಕ್ತಿಯೆಲ್ಲ ಆ ಒಂದಕ್ಕೇ ಹೋಗಬೇಕು. ಆ ಕಾಯಿ ಹಳದಿಯಾಗಿ, ಕಂದಾಗಿ, ಸಿಪ್ಪೆ ಹಳೇ ಚಪ್ಪಲಿಯಷ್ಟು ದಪ್ಪವಾಗುವ ತನಕ ಬಳ್ಳಿಯಲ್ಲೇ ಇರಬೇಕು. ಅಷ್ಟು ಹೊತ್ತಿಗೆ ಅದನ್ನು ಮನುಷ್ಯರು ತಿನ್ನುವಂತಿರುವುದಿಲ್ಲ. ಸೀಳಿ, ಬೀಜ ಬಗೆದು, ಉಳಿದದ್ದನ್ನು ಗೊಬ್ಬರದ ಗುಂಡಿಗೆ ಎಸೆಯುವುದು. ನಮ್ಮ ಊಟಕ್ಕೆ ಬರುತ್ತಿದ್ದದ್ದು ಅಪ್ಪನಿಗೆ ಬೇಡವಾದ ಬಳ್ಳಿಗಳ ಸೊಟ್ಟ, ಗಿಡ್ಡ, ಡೊಳ್ಳುಹೊಟ್ಟೆಯ ಕಾಯಿಗಳು. ‘ತಿನ್ನೋರು ತಿನ್ನಲಿ, ನಾವು ಬೆಳೆಸೋರು’ ಎನ್ನುವುದು ಅಪ್ಪನ ಮಾತು.

ಈಗ ಆ ಬೀಜದಂಗಡಿಗೆ ನಾನೇ ಯಜಮಾನಿ. ಕಿಟಕಿಯ ಪಕ್ಕದ ಅಪ್ಪನ ಕುರ್ಚಿಯಲ್ಲಿ ಕೂತು ನಲವತ್ತು ವರ್ಷದ ಮೇಲಾಯಿತು. ಅಕ್ಕ ಏಳು ಕ್ಯಾಂಟೀನು ಕಟ್ಟಿ, ನಡೆಸಿ, ಈಗ ಮಂಡಿನೋವು ಎಂದು ಮನೆಯಲ್ಲಿ ಕೂತು ಎಲ್ಲರ ಅಡುಗೆಗೂ ಕೊಂಕು ತೆಗೆಯುತ್ತಿದ್ದಾಳೆ. ಹಿರಿಯವಳಿದ್ದೂ ಕುರ್ಚಿ ಕಿರಿಯವಳಿಗೆ ಹೇಗೆ ಬಂತು ಎಂದು ಯಾರೂ ನನ್ನನ್ನು ಕೇಳಿಲ್ಲ. ಕೇಳದಿದ್ದರೆ ಬೇಡ, ನಾನೇ ಹೇಳುತ್ತೇನೆ. ಹೇಳದೆ ಇಟ್ಟುಕೊಂಡು ಸಾಯುವ ಉದ್ದೇಶ ನನಗಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಣಗಿಸುವ ಕೋಣೆ. ಅಂಗಡಿಯ ಒಂದು ಗೋಡೆ ಪೂರ್ತಿ ಸಣ್ಣ ಸಣ್ಣ ಡ್ರಾಯರುಗಳು. ತೊಂಬತ್ತಾರು ಇದ್ದವು, ನಾನು ಬೇಸರ ಬಂದಾಗಲೆಲ್ಲ ಎಣಿಸಿದ್ದೇನೆ. ಪ್ರತಿಯೊಂದರ ಮೇಲೂ ಅಪ್ಪನ ಗುಂಡು ಅಕ್ಷರದ ಚೀಟಿ. ಮೂಲಂಗಿ ಬೀಜದ ಡ್ರಾಯರನ್ನು ಮುಷ್ಟಿಯಿಂದ ಎರಡು ಗುದ್ದಿದ ಹೊರತು ಅದು ಬಾಯಿ ಬಿಡುತ್ತಿರಲಿಲ್ಲ. ಒಣಗಿಸುವ ಕೋಣೆಯಲ್ಲಿ ಮರದ ಚೌಕಟ್ಟಿಗೆ ಬಲೆ ಬಿಗಿದು, ಮೇಲೆ ಬಟ್ಟೆ ಹಾಸಿ ಬೀಜ ಹರಡುತ್ತಿದ್ದೆವು. ಅಲ್ಲಿ ಫ್ಯಾನು ಸೋಮಾರಿಯಂತೆ ತಿರುಗಬೇಕು, ನಾವು ಬೆಕ್ಕಿನಂತೆ ನಡೆಯಬೇಕು, ಸೀನು ಬಂದರೆ ಮೂಗು ಹಿಡಿದು ಹಿತ್ತಲಿಗೆ ಓಡಬೇಕು. ಒಮ್ಮೆ ಓಡಲಾಗದೆ ಈರುಳ್ಳಿ ಬೀಜದ ಮೇಲೆ ಸೀನಿಬಿಟ್ಟೆ. ಆ ವರ್ಷ ಗೋಡೆಯ ಬಿರುಕಿನಲ್ಲೆಲ್ಲ ಈರುಳ್ಳಿ ಸಸಿ ಬಂತು ಎಂದು ಚಿಕ್ಕಪ್ಪ ಬೀದಿಗೆಲ್ಲ ಸಾರಿದರು. ಸುಳ್ಳು. ನಾಲ್ಕೇ ನಾಲ್ಕು ಬಂದಿತ್ತು.

ಹಿತ್ತಲಲ್ಲಿ ಬಕೆಟ್ಟುಗಳ ಸಾಲು. ಬೀಜವನ್ನು ಅದರ ಲೋಳೆಯ ಜೊತೆಗೇ ಎರಡು ದಿನ ಹುಳಿಯಲು ಬಿಟ್ಟು ಆಮೇಲೆ ತೊಳೆಯಬೇಕು. ಆ ವಾಸನೆ ನನ್ನ ಬಟ್ಟೆಯಲ್ಲಿ, ಪುಸ್ತಕದಲ್ಲಿ, ಜಡೆಯಲ್ಲಿ ಇರುತ್ತಿತ್ತಂತೆ. ಶಾಲೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡು ಕೂರುತ್ತಿದ್ದಳು. ನನಗೆ ಮಾತ್ರ ಅದು ವಾಸನೆ ಎಂದು ಗೊತ್ತೇ ಇರಲಿಲ್ಲ. ಈಗ ಎಲ್ಲ ಯಂತ್ರ, ಎಲ್ಲ ಚೊಕ್ಕಟ. ಆ ಬಕೆಟ್ಟಿನ ವಾಸನೆ ಇನ್ನೊಮ್ಮೆ ಮೂಗಿಗೆ ಬಡಿಯಲಿ ಎಂದು ಎಷ್ಟು ಸಲ ಅನ್ನಿಸಿದೆಯೋ.

ನಮ್ಮ ಬೀದಿಯಲ್ಲಿ ಎಲ್ಲರೂ ಊರಿನ ಹೊಟ್ಟೆ ತುಂಬಿಸಿ ತಮ್ಮ ಹೊಟ್ಟೆ ಹೊರೆಯುವವರೇ. ಚಿಕ್ಕಪ್ಪ ರೈತರ ತರಕಾರಿಯನ್ನು ತಮ್ಮ ಲಾರಿಯಲ್ಲಿ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ಎದುರು ಮನೆಯ ಅತ್ತೆ ದೊಡ್ಡ ಪಾತ್ರೆಯಲ್ಲಿ ಹಣ್ಣು ಕುದಿಸಿ ಜಾಮು ಮಾಡಿ ಬಾಟಲಿಗೆ ತುಂಬುತ್ತಿದ್ದಳು. ನಮ್ಮ ರಕ್ತಸಂಬಂಧವಲ್ಲ, ಆದರೂ ಬೀದಿಗೆಲ್ಲ ಜಾಮತ್ತೆ. ಅಮ್ಮ ಬೀಜದ ಪೊಟ್ಟಣಗಳಿಗೆ ಗೋಂದು ಹಚ್ಚುತ್ತಿದ್ದಳು. ಮಧ್ಯಾಹ್ನ ಜಾಮತ್ತೆ ಬಂದು ಅಮ್ಮನ ಎದುರು ಕೂತು ತಾನೂ ಅಂಟಿಸುತ್ತ ಬೀದಿಯ ಸಮಾಚಾರ ಬಿಚ್ಚುತ್ತಿದ್ದಳು. ಸಮಾಚಾರ ಬಿಸಿಯಾದಷ್ಟೂ ಪೊಟ್ಟಣ ಸೊಟ್ಟಗಾಗುತ್ತಿತ್ತು.

ಆ ಮನೆಗೆ ಪದವಿ ಎಂದರೆ ಅಪ್ಪನ ಕುರ್ಚಿ. ಎತ್ತರದ ಮರದ ಕುರ್ಚಿ, ಮುಂದೆ ಗಾಜು ಹಾಕಿದ ಮೇಜು, ಮೇಲೆ ಒಂದು ಭೂತಗನ್ನಡಿ. ಅಲ್ಲಿ ಕೂತು ಬೀಜ ಆರಿಸಬೇಕಾದರೆ ಕಣ್ಣು ಬೇಕು. ಅಕ್ಕನಿಗೆ ಅದಿತ್ತು. ಹತ್ತನೇ ವಯಸ್ಸಿಗೇ ಒಂದು ಹಿಡಿ ಬೀಜ ನೋಡಿ ಮೊಳೆಯದವುಗಳನ್ನು ಉಗುರಿನಿಂದ ಬದಿಗೆ ತಳ್ಳುತ್ತಿದ್ದಳಂತೆ. ಬಂದ ಗಿರಾಕಿಗೆಲ್ಲ ಅಪ್ಪ ಹೇಳುತ್ತಿದ್ದರು, ನನ್ನ ನಂತರ ಇವಳೇ ಎಂದು. ಪಕ್ಕದಲ್ಲಿ ಚೀಟಿ ಅಂಟಿಸುತ್ತ ಕೂತ ನಾನು ಅವಳಿಗಿಂತ ಎಂಟು ವರ್ಷ ಚಿಕ್ಕವಳು. ನನಗೂ ಎರಡು ಕಣ್ಣಿದ್ದವು. ಹೊಟ್ಟೆಕಿಚ್ಚಿನಿಂದ ಒಳಗೇ ಬೇಯುತ್ತಿದ್ದೆ. ಮರೆಮಾಚುವುದೇನು ಬಂತು, ಆ ಕುರ್ಚಿ ನನಗೆ ಬೇಕಿತ್ತು. ಬೇರೆ ಏನನ್ನೂ ನಾನು ಅಷ್ಟು ಬಯಸಿದ್ದಿಲ್ಲ.

ಅಕ್ಕನಿಗೋ, ನೋಡುವುದಕ್ಕಿಂತ ತಿನ್ನುವುದರ ಮೇಲೆ ಆಸೆ. ಇದಕ್ಕೆ ಹುಳಿ ಎಲ್ಲಿಂದ ಬಂತು, ಅದು ಬೆಂದ ಮೇಲೆ ಯಾಕೆ ಸಿಹಿಯಾಯಿತು ಎಂದು ಜಾಮತ್ತೆಯ ಒಲೆಯ ಮುಂದೆಯೇ ಬೆಳೆದಳು. ಇಪ್ಪತ್ತೊಂದಕ್ಕೆ ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಗೆ ಸೇರುತ್ತೇನೆ ಎಂದಳು. ಮಧ್ಯಾಹ್ನಕ್ಕೆ ಮುನ್ನೂರು ಊಟ, ಅಲ್ಲೇ ಹತ್ತಿರ ಒಂದು ಕೋಣೆ. ಅಮ್ಮ ಅತ್ತಳು. ಅಪ್ಪ ಕೂಗಾಡಲಿಲ್ಲ. ‘ಹೋಗಿ ಬಾ. ಕುರ್ಚಿ ಎಲ್ಲೂ ಓಡಿಹೋಗಲ್ಲ’ ಎಂದರು. ಅವಳು ಬಿಟ್ಟು ಹೋದರೂ ಕುರ್ಚಿ ಅವಳದ್ದೇ!

ಮುಂದಿನ ವರ್ಷ ಒಂದು ಭಾನುವಾರ ಅಕ್ಕ ಬುಟ್ಟಿ ಹೊತ್ತು ಬಂದಳು. ಬುಟ್ಟಿಯಲ್ಲಿ ಇಪ್ಪತ್ತು ಸೌತೆಕಾಯಿ. ಅಪ್ಪನ ಗಾಜಿನ ಮೇಜಿನ ಮೇಲೆ ಸುರಿದಳು. ನಾಲ್ಕು ಜನ ರೈತರಿಂದ ಕ್ಯಾಂಟೀನಿಗೆ ಬಂದದ್ದು, ನಾಲ್ವರೂ ಬಿತ್ತಿದ್ದು ನಮ್ಮ ಬೀಜ. ನೋಡಲು ಒಂದೊಂದೂ ಅಪ್ಪ ದಾರ ಕಟ್ಟುವಂಥ ಕಾಯಿ. ಆದರೆ ಗಿರಣಿಯವರು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದಾರೆ, ಅಷ್ಟು ಕಹಿ ಎಂದಳು. ಚಾಕು ತೆಗೆದು ಒಂದನ್ನು ಕತ್ತರಿಸಿದಳು. ಅಭ್ಯಾಸಬಲದಿಂದ ಅಮ್ಮ ಮುಂದೆ ಬಂದು ತೊಟ್ಟಿನ ತುಂಡನ್ನು ಕಾಯಿಗೆ ತಿಕ್ಕಿ ನೊರೆ ತೆಗೆಯಹೋದಳು. ಅಕ್ಕ ಅವಳ ಕೈ ಹಿಡಿದಳು.

‘ಬೇಡಮ್ಮಾ. ನೀನು ದಿನಾ ಹೀಗೆ ತಿಕ್ಕಿ ತಿಕ್ಕಿಯೇ ಇಷ್ಟು ವರ್ಷ ನಮಗೆ ಯಾರಿಗೂ ಗೊತ್ತಾಗಲಿಲ್ಲ.’

ಚಿಕ್ಕಪ್ಪ ಒಂದು ಹೋಳು ಬಾಯಿಗೆ ಹಾಕಿಕೊಂಡು, ಏನೂ ಆಗದವರಂತೆ ಎದ್ದು ನಲ್ಲಿಯ ಕಡೆ ನಡೆದರು. ಬಿಸಿಲು ಹೆಚ್ಚಾಗಿ ನೀರು ಕಡಿಮೆಯಾದರೆ ಯಾವ ಸೌತೆಯೂ ಕಹಿಯಾಗುತ್ತದೆ, ಅದು ಬೆಳೆದವರ ತಪ್ಪು ಎಂದರು ಅಪ್ಪ. ನಾಲ್ಕು ಹೊಲ, ನಾಲ್ಕು ಬಾವಿ, ನಾಲ್ವರಿಗೂ ಸಮನಾಗಿರುವುದು ನಮ್ಮ ಬೀಜ ಒಂದೇ ಎಂದಳು ಅಕ್ಕ. ಯಾವುದೋ ವರ್ಷ ಚೆಂದದ ಬಳ್ಳಿಯೊಂದು ಕಹಿಯಾಗಿತ್ತು, ಯಾರೂ ತಿಂದು ನೋಡದೆ ಅದರ ಬೀಜ ಕಟ್ಟಿದೆವು, ಈಗ ಅದು ಎಲ್ಲಕ್ಕೂ ಹಬ್ಬಿದೆ. ದಾರ ಕಟ್ಟುವ ಮೊದಲು ಪ್ರತಿ ಬಳ್ಳಿಯ ಒಂದು ಮಿಡಿ ಕಿತ್ತು ತಿನ್ನಬೇಕು. ಇಷ್ಟೇ ಅವಳ ವಾದ. ಒಂದು ಹೋಳನ್ನು ಅಪ್ಪನ ಕಡೆ ಚಾಚಿ ನೀವೇ ತಿಂದು ಹೇಳಿ ಎಂದಳು. ಅಪ್ಪ ಅದನ್ನು ಮುಟ್ಟಲಿಲ್ಲ. ನನ್ನ ಬೀಜ ನನಗೆ ಗೊತ್ತು ಎಂದು ಮುಖ ತಿರುಗಿಸಿದರು. ಅಕ್ಕ ಬುಟ್ಟಿ ಅಲ್ಲೇ ಬಿಟ್ಟು ಹೊರಟುಹೋದಳು.

ಮರುದಿನ ಬೆಳಗ್ಗೆ ಅಪ್ಪ ನನ್ನೊಬ್ಬಳನ್ನೇ ಹೊಲಕ್ಕೆ ಕರೆದುಕೊಂಡು ಹೋದರು. ನಮ್ಮ ಬಳ್ಳಿಗಳ ಬುಡ ಒದ್ದೆಯಾಗಿತ್ತು, ನೀರಿಗೆ ಕೊರತೆಯೇ ಇರಲಿಲ್ಲ. ಬೀಜಕ್ಕೆ ಬಿಡಬೇಕೆಂದು ಕಣ್ಣಿಟ್ಟಿದ್ದ ಬಳ್ಳಿಯಿಂದ ಎಳೆಯ ಕಾಯಿಯೊಂದನ್ನು ಅಪ್ಪ ಮುರಿದರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತೊಟ್ಟಿನ ಕಡೆಯ ತುಂಡು ಕತ್ತರಿಸಿ ನನ್ನ ಕೈಗೆ ಕೊಟ್ಟರು.

‘ನೀನು ಹೇಳು. ಕಹಿ ಇದ್ರೆ ಇವತ್ತೇ ಅಕ್ಕನ್ನ ಕರೆಸಿ ಎಲ್ಲ ಅವಳ ಕೈಗೆ ಕೊಡ್ತೀನಿ. ಅವಳೇ ಸರಿ ಮಾಡ್ಲಿ.’

ಅಗಿದೆ. ಅಯ್ಯೋ, ಅದೆಂಥ ಕಹಿ! ಕಿವಿಯವರೆಗೂ ಏರಿತು. ಉಗಿಯಲೇಬೇಕು ಎನ್ನುವಂಥ ಕಹಿ. ನಾನು ಉಗಿಯಲಿಲ್ಲ. ಅಕ್ಕ ಬಂದು ಕುರ್ಚಿಯಲ್ಲಿ ಕೂರುವುದು, ನಾನು ಜನ್ಮವಿಡೀ ಪಕ್ಕದಲ್ಲಿ ಚೀಟಿ ಅಂಟಿಸುವುದು, ಅದಷ್ಟೇ ಕಣ್ಣ ಮುಂದೆ ಬಂತು. ನುಂಗಿದೆ. ನಿಧಾನವಾಗಿ, ಮುಖದ ಒಂದು ಗೆರೆಯೂ ಅಲುಗದ ಹಾಗೆ ನುಂಗಿ, ‘ಸಿಹಿಯಾಗಿದೆ ಅಪ್ಪಾ’ ಎಂದೆ. ಹದಿನಾಲ್ಕು ವರ್ಷದ ಹುಡುಗಿ ಅಂಥ ನಟನೆ ಎಲ್ಲಿ ಕಲಿತಳೋ. ಅಪ್ಪ ನನ್ನ ತಲೆ ಸವರಿದರು. ಆ ಕೈಯ ಭಾರ ಈಗಲೂ ನೆತ್ತಿಯ ಮೇಲಿದೆ.

ಅವತ್ತೇ ಅಪ್ಪ ಅಕ್ಕನಿಗೆ ಕಾಗದ ಬರೆದರು. ಬೀಜ ಪರೀಕ್ಷೆಯಾಯಿತು, ದೋಷವಿಲ್ಲ, ಹೊರಗೆ ನಮ್ಮ ಹೆಸರು ಕೆಡಿಸಬೇಡ ಎಂದು. ಅವಳೂ ಅದೇ ಅಪ್ಪನ ಮಗಳು. ಕ್ಯಾಂಟೀನಿಗೆ ತರಕಾರಿ ಕೊಡುವವರಿಗೆಲ್ಲ ಸೌತೆ ಬೀಜ ಬೇರೆ ಕಡೆ ತನ್ನಿ ಎಂದಳು. ಆ ಸುದ್ದಿ ಚಿಕ್ಕಪ್ಪನ ಲಾರಿಯಲ್ಲಿ ನಮ್ಮ ಮನೆಗೂ ಬಂತು. ಅಲ್ಲಿಗೆ ಅಪ್ಪನಿಗೂ ಅವಳಿಗೂ ಮಾತು ನಿಂತಿತು. ಮರುವರ್ಷ ಅವಳು ಕ್ಯಾಂಟೀನಿನ ಉಗ್ರಾಣ ನೋಡಿಕೊಳ್ಳುವವನನ್ನು ಮದುವೆಯಾದಳು. ಅಮ್ಮ, ಚಿಕ್ಕಪ್ಪ, ನಾನು ಹೋದೆವು. ಅಪ್ಪ ಅವತ್ತು ಆಗಲೇ ಅಗೆದಿದ್ದ ಪಾತಿಯನ್ನೇ ಸಂಜೆಯವರೆಗೆ ಮತ್ತೆ ಅಗೆಯುತ್ತಿದ್ದರಂತೆ. ಅಕ್ಕ ಹೊಸ ಸೀರೆಯಲ್ಲಿ ಬಾಗಿಲ ಕಡೆಯೇ ನೋಡುತ್ತಿದ್ದಳು. ಒಂದು ಸಂದಿನಲ್ಲಿ ನನ್ನನ್ನು ಹಿಡಿದು, ಅಪ್ಪ ನಿಜವಾಗಿಯೂ ತಿಂದು ನೋಡಿದರಾ ಎಂದು ಕೇಳಿದಳು. ನನಗೇನು ಗೊತ್ತು ಎಂದು ಕೈ ಬಿಡಿಸಿಕೊಂಡೆ.

ಬಯಸಿದ್ದು ಸಿಕ್ಕಿತು ನೋಡಿ. ಅಪ್ಪ ನನಗೆ ಎಲ್ಲ ಕಲಿಸಿದರು. ಲೋಳೆ ಯಾವಾಗ ಹದಕ್ಕೆ ಬಂತೆಂದು ಬೆರಳಲ್ಲಿ ತಿಳಿಯುವುದು, ಬೀಜ ಒಣಗಿತೇ ಎಂದು ಕಿವಿಯ ಬಳಿ ಅಲ್ಲಾಡಿಸಿ ಕೇಳುವುದು. ಕುರ್ಚಿಯಲ್ಲಿ ಕೂರಿಸಿ ಭೂತಗನ್ನಡಿಯನ್ನೂ ಕೈಗೆ ಕೊಟ್ಟರು. ನನಗೋ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ರೈತರು ಒಬ್ಬೊಬ್ಬರಾಗಿ ಕಡಿಮೆಯಾದರು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ದೊಡ್ಡ ರೈತರೊಬ್ಬರು ಬೀಜದ ಚೀಲ ಬಿಚ್ಚದೆ ವಾಪಸ್ಸು ತಂದಿಟ್ಟು, ಬೇಜಾರು ಮಾಡ್ಕೋಬೇಡಿ ಯಜಮಾನರೇ ಎಂದು ತಲೆ ತಗ್ಗಿಸಿ ಹೋದರು. ಬಿಸಿಲು ಜಾಸ್ತಿಯಾಗಿದೆ ಎಂದು ಅಪ್ಪ ಗೋಡೆಗೆ ಹೇಳಿದರು. ಊಟ ಅರ್ಧಕ್ಕೇ ಬಿಡುತ್ತಿದ್ದರು. ಅಂಗಿ ಮೈಮೇಲೆ ಜೋತಾಡುತ್ತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತಿದ್ದೆ.

ಮೂರನೇ ವರ್ಷ ಬಳ್ಳಿ ಕಾಯಿ ಬಿಟ್ಟಾಗ ಇನ್ನು ತಡೆಯಲಾಗಲಿಲ್ಲ. ಅಪ್ಪ ದಾರ ಕಟ್ಟಿ ಮನೆಗೆ ಹೋದ ಮೇಲೆ ನಾನು ಒಬ್ಬಳೇ ಸಾಲಿಗೆ ಇಳಿದೆ. ಒಂದೊಂದು ಬಳ್ಳಿಯ ಒಂದೊಂದು ಮಿಡಿ ಕಚ್ಚಿ ಉಗಿಯುತ್ತ ನಡೆದೆ. ಮೂರು ದಿನ. ನಾಲಿಗೆ ಮರಗಟ್ಟಿತು. ಚೆಂದದ ಬಳ್ಳಿಗಳು ಬಹುಪಾಲು ಕಹಿ. ಕೊನೆಯ ಸಾಲುಗಳಲ್ಲಿ, ಅಪ್ಪ ಕಣ್ಣೆತ್ತಿಯೂ ನೋಡದ ಹನ್ನೊಂದು ಬಳ್ಳಿ ಸಿಕ್ಕವು. ಕಾಯಿ ಸೊಟ್ಟ, ಬಣ್ಣ ಮಾಸಲು, ರುಚಿ ಮಾತ್ರ ತಣ್ಣಗೆ, ಸಿಹಿಯಾಗಿ. ಚೆಂದದವುಗಳ ದಾರ ಬಿಚ್ಚಿ ಇವಕ್ಕೆ ಕಟ್ಟಿದೆ.

ಅಪ್ಪನ ಕಣ್ಣಿಗೆ ಬೀಳದೆ ಇರುತ್ತದೆಯೇ? ನಾಲ್ಕನೇ ದಿನ ಬೆಳಗ್ಗೆ ಕೊನೆಯ ಸಾಲಿನಲ್ಲಿ ನಿಂತುಬಿಟ್ಟರು. ಈ ಗೂನು ಕಾಯಿಗೆ ದಾರ ಕಟ್ಟಿದವರು ಯಾರು ಎಂದು ಕೇಳಿದರು. ಮುಖ ಕೆಂಪಾಗಿತ್ತು.

‘ನಾನೇ ಅಪ್ಪಾ. ಇವು ಸಿಹಿ ಇವೆ. ಅವತ್ತು ನೀವು ಕೊಟ್ಟಿದ್ದು ಕಹಿ ಇತ್ತು. ನಾನು ಸುಳ್ಳು ಹೇಳಿದೆ.’

ಒಂದು ಏಟು ಬೀಳುತ್ತದೆ ಎಂದು ಕಾದೆ. ಬಿದ್ದಿದ್ದರೆ ಚೆನ್ನಾಗಿತ್ತು. ಅಪ್ಪ ಬದುವಿನ ಮೇಲೆ ಮೆಲ್ಲಗೆ ಕೂತರು. ಅಂಗೈಯ ಮಣ್ಣು ಉಜ್ಜಿಕೊಂಡರು.

‘ನನ್ನ ನಾಲಿಗೆಗೆ ಕಹಿ ಗೊತ್ತಾಗಲ್ಲ ಮಗಳೇ. ಹುಟ್ಟಿದಾಗಿಂದ ಹೀಗೇ. ಬೇರೆಯವರು ಮುಖ ಕಿವುಚಿದಾಗ ನಾನೂ ಕಿವುಚ್ತೀನಿ, ಅಷ್ಟೇ. ನಿಮ್ಮಮ್ಮನಿಗೂ ಹೇಳಿಲ್ಲ. ತಿನ್ನೋ ಪದಾರ್ಥದ ಬೀಜ ಮಾರೋನು ಯಾರ ಹತ್ರ ಹೇಳ್ಲಿ? ಅದಕ್ಕೇ ಅವತ್ತು ನಿನ್ನ ನಾಲಿಗೆ ಕೇಳಿದ್ದು.’

ಕಿವಿಯವರೆಗೂ ಏರಿದ ಆ ಕಹಿ ಅವರಿಗೆ ಎಂದಾದರೂ ತಿಳಿದೀತು ಎಂಬ ಧೈರ್ಯ ನನ್ನೊಳಗೆ ಎಲ್ಲೋ ಇತ್ತು. ಒಂದು ದಿನ ಅವರೇ ತಿನ್ನುತ್ತಾರೆ, ಅವರಿಗೇ ಗೊತ್ತಾಗುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಬರುವುದಿಲ್ಲ ಎಂದುಕೊಂಡಿದ್ದೆ. ಅವರ ಪಾಲಿಗೆ ಇದ್ದದ್ದು ನನ್ನ ಮಾತೊಂದೇ. ಅಪ್ಪ ಬೈಯಲಿಲ್ಲ. ಎದ್ದು, ಬಟ್ಟೆ ಬದಲಾಯಿಸು, ಅಕ್ಕನ ಹತ್ತಿರ ಹೋಗೋಣ ಎಂದರು.

ಬಸ್ಸು ಹತ್ತಿದೆವು. ನಾವು ಮುಟ್ಟಿದಾಗ ಗಿರಣಿಯ ಊಟದ ಹೊತ್ತು ಮುಗಿದಿತ್ತು. ಉದ್ದನೆಯ ಹಜಾರ, ತಗಡು ಹೊದಿಸಿದ ಮೇಜುಗಳು, ಆಗಷ್ಟೇ ಒರೆಸಿದ ನೆಲದ ಒದ್ದೆ ವಾಸನೆ. ಅಕ್ಕ ತಲೆಗೆ ಬಿಳಿ ಬಟ್ಟೆ ಕಟ್ಟಿ ದೊಡ್ಡ ಪಾತ್ರೆಗಳನ್ನು ಒಳಗೆ ಸಾಗಿಸುತ್ತಿದ್ದಳು. ನಮ್ಮನ್ನು ಕಂಡು ನಿಂತಳು. ದಪ್ಪಗಾಗಿದ್ದಳು, ಮುಂಗೈಯ ಮೇಲೆ ಒಲೆಯ ಸುಟ್ಟ ಗಾಯದ ಗುರುತು. ಅಪ್ಪ ಬೆಂಚಿನ ಮೇಲೆ ಕೂತು, ನೀನು ಹೇಳಿದ್ದೇ ಸರಿ ಕಣಮ್ಮಾ ಎಂದರು. ತಮ್ಮ ನಾಲಿಗೆಯ ವಿಷಯವನ್ನೂ ಹೇಳಿದರು. ಕಹಿ ತಿಳಿಯದವನು ಇನ್ನೊಬ್ಬರ ಮಾತು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪೆಲ್ಲ ನನ್ನದು ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಹೆಸರೇ ಬರದ ಹಾಗೆ ಎಲ್ಲವನ್ನೂ ತಮ್ಮ ಮೇಲೆ ಎಳೆದುಕೊಂಡಿದ್ದರು. ಬಂದು ಕುರ್ಚಿಯಲ್ಲಿ ಕೂತ್ಕೋ ಎಂದು ಕೊನೆಗೆ ಕೇಳಿದರು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಕುರ್ಚಿ ನನಗೆ ಬೇಡ ಅಪ್ಪಾ. ಯಾವತ್ತೂ ಬೇಕಿರಲಿಲ್ಲ. ಇವಳಿಗೇ ಕೊಡಿ. ನಾನು ಬಿಟ್ಟು ಬಂದರೂ ಇವಳು ನಿಮ್ಮ ಜೊತೆ ನಿಂತಳಲ್ಲ’ ಎಂದು ನನ್ನ ಭುಜದ ಮೇಲೆ ಕೈ ಇಟ್ಟಳು.

ಯಾವತ್ತೂ ಬೇಕಿರಲಿಲ್ಲವಂತೆ. ಯಾರೂ ಕಿತ್ತುಕೊಳ್ಳದ ವಸ್ತುವಿಗಾಗಿ ನಾನು ಆ ಕಹಿ ನುಂಗಿದ್ದೆ. ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರ ಮುಗಿಯುತ್ತಿತ್ತು, ಅಪ್ಪ ದಾರಿಯನ್ನೂ ಮಾಡಿಕೊಟ್ಟಿದ್ದರು. ಭುಜದ ಮೇಲಿನ ಆ ಕೈ ಸುಮ್ಮನಿರಲು ಬಿಡಲಿಲ್ಲ. ಅಪ್ಪ ಕೇಳಿದ್ದರು, ನನ್ನನ್ನೇ ಕೇಳಿದ್ದರು, ಕಹಿ ಎಂದು ಗೊತ್ತಿದ್ದೂ ಸಿಹಿ ಎಂದವಳು ನಾನು ಎಂದು ಒಂದೇ ಉಸಿರಿಗೆ ಹೇಳಿದೆ. ಯಾಕೆ ಎಂದಳು. ಕುರ್ಚಿಗೆ ಎಂದೆ.

ಭುಜದಿಂದ ಕೈ ಹೋಯಿತು.

‘ನನ್ನ ಮದುವೆಗೆ ಅಪ್ಪ ಬರಲಿಲ್ಲ ಕಣೇ’ ಎಂದಳು. ದನಿ ಏರಿಸಲಿಲ್ಲ. ಅಷ್ಟು ಹೇಳಿ ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಅಪ್ಪ ಮೇಜಿನ ತಗಡನ್ನು ನೋಡುತ್ತ ಕೂತಿದ್ದರು. ಒಳಗೆ ಪಾತ್ರೆಗಳ ಸದ್ದು. ಆಮೇಲೆ ಅಕ್ಕ ಎರಡು ತಟ್ಟೆಯಲ್ಲಿ ಅನ್ನ, ಸಾರು ತಂದು, ಒಂದನ್ನು ಅಪ್ಪನ ಮುಂದೆ ಮೆಲ್ಲಗೆ, ಇನ್ನೊಂದನ್ನು ನನ್ನ ಮುಂದೆ ಸಾರು ತುಳುಕುವ ಹಾಗೆ ಕುಕ್ಕಿದಳು. ತಿನ್ನು ಎಂದಳು. ನನ್ನ ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು. ತಿಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದಳು.

‘ಹೇಗಿದೆ?’

ಅಪ್ಪನ ಕೈ ತುತ್ತಿನ ಜೊತೆ ಅಲ್ಲೇ ನಿಂತಿತು. ಚೆನ್ನಾಗಿದೆ ಎನ್ನುವುದು ನಾಲಿಗೆ ತುದಿಯವರೆಗೂ ಬಂದಿತ್ತು. ಅದನ್ನು ಹಿಂದಕ್ಕೆ ನೂಕಿದೆ.

‘ಉಪ್ಪು ಕಡಿಮೆ ಇದೆ ಅಕ್ಕಾ.’

ಅಕ್ಕ ನನ್ನ ತಟ್ಟೆಗೆ ಬೆರಳು ಅದ್ದಿ ನೆಕ್ಕಿದಳು. ಇನ್ನೊಮ್ಮೆ ನೆಕ್ಕಿದಳು. ಮುನ್ನೂರು ಜನ ಉಂಡು ಹೋದರು, ಒಬ್ಬರೂ ಹೇಳಲಿಲ್ಲ ಎಂದಳು. ಹೋಗಿ ಉಪ್ಪಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಆಮೇಲೆ ನನ್ನ ಎದುರಿಗೆ ಕೂತು, ತಲೆಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚಿ ಅದರಲ್ಲಿ ಮುಖ ಮುಚ್ಚಿಕೊಂಡು ಅತ್ತಳು.